ಮಸೀದಿ ಗೇಟಿನ ಫೋಟೋ

ನನ್ನ ಬೆನ್ನಿನ ಚೀಲದಲ್ಲಿ ಯಾವಾಗಲೂ ಲುಂಗಿಗಳಿರುತ್ತಿದ್ದವು. ಶನಿವಾರ ಮಧ್ಯಾಹ್ನ ಹಲಸೂರಿನ ಅಮ್ಮನ ಗುಡಿ, ಸಂಜೆ ಶಿವಾಜಿನಗರದ ಒಂದು ಚರ್ಚು, ಹೊತ್ತು ಮುಳುಗುವಾಗ ಅದರ ಹಿಂದಿನ ಗಲ್ಲಿಯ ಮಸೀದಿ. ಈ ಮೂರು ಕಡೆ ಜನರನ್ನು ನಡೆಸಿಕೊಂಡು ಹೋಗಿ ಕಥೆ ಹೇಳುವುದು ನನ್ನ ಕೆಲಸ. ಬರುವವರು ಹೆಚ್ಚಾಗಿ ಇಂದಿರಾನಗರದವರು, ವಾರದ ರಜೆಯೆಂದು ಚಡ್ಡಿಯಲ್ಲೇ ಬರುತ್ತಾರೆ. ಚಡ್ಡಿಯ ಮೇಲೆ ಲುಂಗಿ ಉಡಿಸುವುದೂ ನನ್ನದೇ ಜವಾಬ್ದಾರಿ. ನಡುರಸ್ತೆಯಲ್ಲಿ ಯಾರದೋ ಸೊಂಟಕ್ಕೆ ಕೈಹಾಕಿ ಗಂಟು ಬಿಗಿಯುತ್ತಿದ್ದರೆ ಶಿವಾಜಿನಗರದ ಆಟೋದವರು ಹಾರ್ನ್ ಹೊಡೆದು ಮೆಚ್ಚುಗೆ ತೋರಿಸುತ್ತಿದ್ದರು.

ಶುರುವಿನ ವಾರಗಳಲ್ಲಿ ನಾನು ಮಾಡಿದ ಎಡವಟ್ಟುಗಳಿಗೆ ಮೂರೂ ಧರ್ಮದವರು ಸೇರಿ ನನ್ನನ್ನು ಗಡೀಪಾರು ಮಾಡಬಹುದಿತ್ತು. ಅಮ್ಮನ ಗುಡಿಯಲ್ಲಿ ಅತಿಬುದ್ಧಿಯಿಂದ ಎಲ್ಲರ ಚರ್ಮದ ಬೆಲ್ಟ್ ಬಿಚ್ಚಿಸಿದೆ. ಒಬ್ಬ ಮ್ಯಾನೇಜರ್ ಪ್ರದಕ್ಷಿಣೆಯ ಮೂಲೆ ತಿರುಗುವಾಗ ಅವರ ಪ್ಯಾಂಟು ತಿರುಗಲಿಲ್ಲ. ಚರ್ಚಿನಲ್ಲಿ ಹಾಡು ಕೇಳಿಬಂತು, ನೋಡಿ ಎಂಥ ಕಾಯಿರ್ ಎಂದು ಗುಂಪನ್ನು ಒಳಗೆ ಕೂರಿಸಿದೆ. ಹಾಡು ಮುಗಿದಾಗ ನಮ್ಮವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆಯವರು ಹಿಂತಿರುಗಿ ನೋಡಿದ ಮೇಲೆಯೇ ಅಲ್ಲೊಂದು ಶವಪೆಟ್ಟಿಗೆ ಇರುವುದು ನನಗೆ ಕಂಡದ್ದು. ಚರ್ಚಿನ ಬಾಗಿಲು, ಗಂಟೆ, ಮೇಣದ ಬತ್ತಿ ನೋಡಿಕೊಳ್ಳುವ ಅಂಕಲ್ ನನ್ನನ್ನು ಕಂಬದ ಮರೆಗೆ ಎಳೆದು ಮೆಲ್ಲಗೆ ಹೇಳಿದರು:

"ಏನ್ ತಂಬಿ, ಸತ್ತೋನಿಗೆ ಒನ್ಸ್ ಮೋರ್ ಕೂಡ ಕೇಳ್ಬಿಟ್ಟು ಹೋಗಪ್ಪ."

ಆದರೂ ಕೆಲಸ ಉಳಿಯಿತು. ಉಳಿಸಿದ್ದು ಮಸೀದಿಯ ಗೇಟು.

ಆ ಮಸೀದಿಯ ಗೇಟಿನಲ್ಲಿ ಸಂಜೆಯ ನಮಾಜ್, ಅಂದರೆ ಮಗ್ರಿಬ್ ಹೊತ್ತಿಗೆ ತಾಯಂದಿರು ಬಂದು ನಿಲ್ಲುತ್ತಾರೆ. ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಮುಚ್ಚಳ ತೆಗೆದ ನೀರಿನ ಬಾಟಲಿ. ಬುರ್ಖಾದವರು, ಕುಂಕುಮದವರು, ಕೊರಳಲ್ಲಿ ಶಿಲುಬೆ ಇರುವವರು ಎಲ್ಲ ಗೇಟಿನ ಎರಡೂ ಬದಿಗೆ ದಾರಿ ಬಿಟ್ಟು ಸಾಲಾಗಿ ನಿಲ್ಲುತ್ತಾರೆ. ನಮಾಜ್ ಮುಗಿಸಿ ಬರುವವರು ಏನನ್ನೋ ಓದಿಕೊಳ್ಳುತ್ತ ಮಗುವಿನ ನೆತ್ತಿಗೆ ಒಂದು ಸಲ, ಬಾಟಲಿಯ ಬಾಯಿಗೆ ಒಂದು ಸಲ ಉಫ್ ಎಂದು ಊದಿ ಮುಂದೆ ಹೋಗುತ್ತಾರೆ. ಯಾರೂ ಹೆಸರು ಕೇಳುವುದಿಲ್ಲ. ಬೆಚ್ಚಿಬೀಳುವ ಮಕ್ಕಳು, ಊಟ ಬಿಟ್ಟ ಮಕ್ಕಳು, ಜ್ವರ ಬಂದು ಹೋಗುವ ಮಕ್ಕಳು. ಡಾಕ್ಟರ ಸಿರಪ್ಪೂ ನಡೆಯುತ್ತಿರುತ್ತದೆ, ಇದೂ ನಡೆಯುತ್ತಿರುತ್ತದೆ. ಹುಡುಗರು ಬೇಗ ಹೊರಬಂದು ಬೈಕ್ ಹತ್ತುತ್ತಾರೆ. ವಯಸ್ಸಾದವರು ಒಳಗೆ ಇನ್ನಷ್ಟು ಹೊತ್ತು ಕೂತು ಕೊನೆಗೆ ಬರುತ್ತಾರೆ. ತಾಯಂದಿರು ಕಾಯುವುದು ಅವರಿಗಾಗಿ.

ಅದನ್ನು ಮೊದಲ ಸಲ ಕಂಡಾಗ ನಮ್ಮ ಗುಂಪು ಮಾತು ನಿಲ್ಲಿಸಿತು. ನಾನೂ ನಿಲ್ಲಿಸಿದೆ, ಅದಂತೂ ಪವಾಡವೇ. ನಮ್ಮ ಟೂರ್ ಕಂಪನಿ ನಡೆಸುವ ಮೇಡಂಗೆ ಸುದ್ದಿ ತಲುಪಿತು.

"ಅದೇ ನಮ್ಮ ಕ್ಲೈಮ್ಯಾಕ್ಸ್," ಎಂದರು. "ಗುಡಿ, ಚರ್ಚು ಎಲ್ಲಾ ಅದಕ್ಕೆ ಬಿಲ್ಡಪ್ ಆಗ್ಬೇಕು. ಟೈಮಿಂಗ್ ಮಿಸ್ ಆಗ್ಬಾರ್ದು."

ಟೈಮಿಂಗ್ ಎಂದರೆ ದಿನವೂ ಸರಿಯುವ ಸೂರ್ಯಾಸ್ತ. ಮಗ್ರಿಬ್ ಯಾವಾಗ ಎಂದು ನೋಡಿ ಅಲ್ಲಿಂದ ಇಡೀ ಮಧ್ಯಾಹ್ನವನ್ನು ಹಿಂದಕ್ಕೆ ಅಳೆಯಬೇಕು. ಹಲಸೂರಿನಿಂದ ವ್ಯಾನ್ ಹೊರಡುವುದು, ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುವುದು, ಲುಂಗಿ ಉಡಿಸುವುದು ಎಲ್ಲ ಆ ಲೆಕ್ಕದಲ್ಲೇ. ಗೇಟಿಗೆ ಅಡ್ಡವಾಗದಂತೆ ಎದುರಿನ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಗುಂಪನ್ನು ನಿಲ್ಲಿಸುವುದು. ಇದನ್ನೆಲ್ಲ ನಾನು ಪಕ್ಕಾ ಮಾಡಿಕೊಂಡೆ. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ನನಗೆ ಬರುತ್ತಿತ್ತು.

ಒಂದು ಶನಿವಾರ ಆ ಸಾಲಿನಿಂದ ಒಬ್ಬ ಹೆಂಗಸು ರಸ್ತೆ ದಾಟಿ ನೇರವಾಗಿ ನನ್ನ ಹತ್ತಿರ ಬಂದಳು. ಹೆಗಲ ಮೇಲೆ ಮಗು ಮಲಗಿತ್ತು.

"ತಮ್ಮಾ, ನೀ ಯಾ ಕಡೆಯಾಂವ? ಮಾತು ನಮ್ಮ ಕಡೀದು ಕೇಳ್ದಂಗಾತು."

ಬೆಂಗಳೂರಿನ ಕನ್ನಡವನ್ನು ಎಷ್ಟು ಬಳಿದುಕೊಂಡರೂ ನನ್ನ ಯಾದಗಿರಿ ಎಲ್ಲೋ ಒಂದು ಕಡೆ ಇಣುಕುತ್ತದೆ. ಹೇಳಿದೆ. ಆಕೆ ಲಿಂಗಸುಗೂರು ಕಡೆಯವಳು. ಈಗ ಇರುವುದು ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆ ಕೋಣೆ, ನನ್ನ ಕೋಣೆಯಿಂದ ನಾಲ್ಕಾರು ಗಲ್ಲಿ ಆಚೆ. ಅಲ್ಲೇ ಯಾವುದೋ ಗಾಜಿನ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸ.

"ಅಲ್ಲಿಂದ ಇಲ್ಲೀತನಕ ಬಸ್ಸಿನಾಗ ಬರ್ತೀರೇನ್ರಿ ಅಕ್ಕಾ? ಅಲ್ಲೇ ಹತ್ತಿರದಾಗೂ ಮಸೀದಿ ಅದಾವಲ್ರಿ."

"ಹತ್ತಿರದಾಗ ನೋಡೋರು ಅದಾರ," ಎಂದಳು. "ಅದಕ್ಕ ನಿನಗ ಹೇಳಾಕ ಬಂದೆ. ನಿಮ್ಮ ಮಂದಿಗಿ ಫೋಟೋ ತಗೀಬ್ಯಾಡ್ರಿ ಅಂತ ಹೇಳು."

ಗಂಡ ಪೇಂಟಿಂಗ್ ಕೆಲಸಕ್ಕೆ ಊರೂರು ಸುತ್ತುತ್ತಾನೆ. ಮನೆಯ ಯಜಮಾನಿಕೆ ಪಕ್ಕದ ಕೋಣೆಯಲ್ಲಿರುವ ಗಂಡನ ಅಣ್ಣನದು. ಆಕೆಗೆ ಕೆಲಸ ಕೊಡಿಸಿದ್ದೂ ಅವನೇ, ಅದೇ ಕಟ್ಟಡದಲ್ಲಿ ಅವನು ಸೆಕ್ಯುರಿಟಿ ಗಾರ್ಡು. ಇತ್ತೀಚೆಗೆ ಅವನ ಫೋನಿಗೆ ದಿನವೂ ವೀಡಿಯೋಗಳು ಬರುತ್ತವಂತೆ. ನಮ್ಮ ಮನೆಯ ಹೆಣ್ಣುಮಗಳು ಅವರ ಬಾಗಿಲಿಗೆ ಹೋದದ್ದು ಗೊತ್ತಾದರೆ ಮಗುವಿನ ಸಮೇತ ಊರಿಗೆ ಕಳಿಸುತ್ತೇನೆ ಎಂದು ಹೇಳಿದ್ದಾನೆ. ಯಾರಿಗೋ ಹೇಳುವಂತೆ ಎಲ್ಲರೆದುರು ಹೇಳಿದ್ದಾನೆ.

"ಡಾಕ್ಟರ್‌ಗೂ ತೋರ್ಸೀನಿ. ಆದ್ರ ಇಲ್ಲಿಗಿ ಬಂದು ಹೋದ ದಿನ ಮಲಗ್ತದ ಈ ಕೂಸು. ಅದು ಮಲಗಿದ್ರ ನಾ ಮಲಗ್ತೀನಿ. ನಾ ಮಲಗಿದ್ರ ಮರುದಿನ ಕೆಲಸ. ಇಷ್ಟ ನೋಡಪ್ಪ ನಂದು."

"ನಾ ಇರೂತನಕ ಒಂದು ಫೋಟೋನೂ ಆಗಂಗಿಲ್ರಿ ಅಕ್ಕಾ," ಎಂದೆ ಎದೆಯುಬ್ಬಿಸಿ. ಹೊಟ್ಟೆಯೇ ಮುಂದೆ ಬಂದಿರಬೇಕು.

ಗೇಟು ಕಾಯುವ ಚಾಚಾ ನಮ್ಮನ್ನೇ ನೋಡುತ್ತಿದ್ದರು. ಆಕೆ ಹೋದ ಮೇಲೆ ಕರೆದರು.

"ಬೇಟಾ, ನೀನ್ ಒಳ್ಳೆ ಹುಡ್ಗ. ಮಾತ್ ಜಾಸ್ತಿ, ಆದ್ರೂ ಒಳ್ಳೆ ಹುಡ್ಗ. ಇಲ್ಲಿ ಬರೋ ತಾಯಿ ಪರೇಶಾನ್ ಆಗಿ ಬರ್ತಾಳೆ. ಅವ್ಳನ್ನ ತಮಾಷಾ ಮಾಡ್ಬೇಡ, ಅಷ್ಟೇ."

ಮುಂದಿನ ವಾರದಿಂದ ಹೊಸ ಪದ್ಧತಿ ತಂದೆ. ಗಲ್ಲಿ ಹೊಗುವ ಮೊದಲು ಎಲ್ಲರ ಫೋನನ್ನೂ ನನ್ನ ಚೀಲಕ್ಕೆ ಹಾಕಬೇಕು. ಜನ ಕಿಡ್ನಿ ಕೇಳಿದಂತೆ ನೋಡಿದರು. ಒಬ್ಬರು ಹಳೇ ಫೋನ್ ಕೊಟ್ಟು ಹೊಸದನ್ನು ಕಾಲುಚೀಲದಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ಅಜಾನ್ ನಡುವೆಯೇ ನನ್ನ ಬೆನ್ನಿನ ಮೇಲೆ ಇಡೀ ಚೀಲ ಮೊಳಗಿತು. ಯಾರದೋ ಫೋನಿನಲ್ಲಿ ಗಣಪತಿ ಸ್ತುತಿ, ಇನ್ನೊಂದರಲ್ಲಿ ನಾಯಿ ಬೊಗಳುವ ಸದ್ದು. ಆಫ್ ಮಾಡಲು ಚೀಲಕ್ಕೆ ತಲೆ ತೂರಿಸಿದವನು ಲುಂಗಿಯೊಳಗೆ ಸಿಕ್ಕಿಕೊಂಡೆ. ಸಾಲಿನಲ್ಲಿದ್ದ ಒಂದೆರಡು ಮಕ್ಕಳು ಅಳು ನಿಲ್ಲಿಸಿ ನಕ್ಕವು. ನನ್ನ ಕೈಯಿಂದ ಆದ ಏಕೈಕ ಚಿಕಿತ್ಸೆ ಅದು.

ಆ ವಾರಗಳಲ್ಲಿ ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿ, ಮಗುವಿಗೆ ಊದಿಸಿಕೊಂಡು, ಬಸ್ ಸ್ಟ್ಯಾಂಡ್ ಕಡೆ ಹೋಗುತ್ತಿದ್ದಳು.

ಮೇಡಂಗೆ ಮಾತ್ರ ಸಹಿಸಲಾಗಲಿಲ್ಲ.

"ಫೋಟೋ ಇಲ್ದೆ ಯಾರೋ ಬುಕ್ ಮಾಡ್ತಾರೆ? ನೀನು ಹೋಗಿ ಮನೆ ಮನೇಲಿ ಆ್ಯಕ್ಟ್ ಮಾಡಿ ತೋರಿಸ್ತೀಯಾ?"

"ಮೇಡಂ, ಅಲ್ಲಿ ಬರೋ ಹೆಂಗಸ್ರಿಗೆ ತೊಂದ್ರೆ ಆಗುತ್ತೆ. ಮನೇಲಿ ಗೊತ್ತಾದ್ರೆ..."

"ಪಬ್ಲಿಕ್ ಪ್ಲೇಸ್ ಅದು. ಮುಂದಿನ ಶನಿವಾರ ದೊಡ್ಡ ಗ್ರೂಪ್. ಒಂದು ಕಂಪನಿಯವ್ರದ್ದು ಇನ್‌ಕ್ಲೂಷನ್ ವೀಕ್, ಎಲ್ಲಾ ಧರ್ಮದವ್ರೂ ಒಂದೇ ಅಂತ. ಕ್ಯಾಮೆರಾದವನನ್ನ ನಾನೇ ಕಳಿಸ್ತೀನಿ. ನಿನ್ನ ಚೀಲ ನೀನು ಮನೇಲಿಟ್ಟು ಬಾ."

ಆ ವಾರವೆಲ್ಲ ಯೋಚಿಸಿದೆ. ಅಕ್ಕನಿಗೆ ಬರಬೇಡಿ ಎಂದು ಹೇಳೋಣವೆಂದರೆ ನಂಬರ್ ಇಲ್ಲ, ಕೋಣೆ ಹುಡುಕಿಕೊಂಡು ಹೋದರೆ ಪಕ್ಕದ ಕೋಣೆಯವನಿಗೆ ಏನು ಹೇಳುವುದು? ಕ್ಯಾಮೆರಾದವನ ಕೈ ಹಿಡಿದುಕೊಳ್ಳೋಣವೆಂದರೆ ಅವನು ಜಿಮ್‌ಗೆ ಹೋಗುವವನು. ಕೊನೆಗೆ ನನ್ನ ಮೆದುಳು ಒಂದು ಮಹಾ ಉಪಾಯ ಹೆತ್ತಿತು. ಗುಂಪನ್ನು ತಡಮಾಡಿಸುವುದು. ನಾವು ಗೇಟಿಗೆ ಹೋಗುವಷ್ಟರಲ್ಲಿ ನಮಾಜ್ ಮುಗಿದು, ಸಾಲು ಕರಗಿ, ಗಲ್ಲಿ ಖಾಲಿಯಾಗಿರಬೇಕು. ಇಷ್ಟು ದಿನ ಸೂರ್ಯಾಸ್ತಕ್ಕೆ ಸರಿಯಾಗಿ ತಲುಪಲು ಕಲಿತಿದ್ದೆನಲ್ಲ, ಈಗ ಅದನ್ನೇ ತಿರುಗಿಸಿದರಾಯಿತು.

ಶನಿವಾರ ಗುಡಿಯಲ್ಲಿ ಬೇವಿನ ಎಲೆಯ ಬಗ್ಗೆ ನಾನು ಮಾತಾಡಿದ್ದನ್ನು ಕೇಳಿದ್ದರೆ ಬೇವಿನ ಮರವೇ ಎದ್ದು ಹೋಗುತ್ತಿತ್ತು. ಚರ್ಚಿನಲ್ಲಿ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಒಬ್ಬೊಬ್ಬರೂ ಬಾಲ್ಯದ ಒಂದು ಪ್ರಾರ್ಥನೆಯ ನೆನಪು ಹಂಚಿಕೊಳ್ಳಬೇಕೆಂದೆ. ಆಫೀಸಿನವರಿಗೆ ಹಂಚಿಕೊಳ್ಳಿ ಎಂದರೆ ಸಾಕು. ಒಬ್ಬ ಟೀಮ್ ಲೀಡ್ ಹಾಸ್ಟೆಲಿನಲ್ಲಿ ಮೊಟ್ಟೆ ಕದ್ದು ದೇವರಲ್ಲಿ ಕ್ಷಮೆ ಕೇಳಿದ್ದನ್ನು ನೆನೆದು ನಿಜವಾಗಿಯೂ ಅತ್ತ. ಅವನನ್ನು ನೋಡಿ ಇನ್ನಿಬ್ಬರು ಅತ್ತರು. ಬಾಗಿಲ ಅಂಕಲ್ ಮತ್ತೆ ಬಂದು ನನ್ನ ಕಿವಿಗೆ ಬಾಗಿದರು.

"ತಂಬಿ, ಇವತ್ತು ಯಾರೂ ಸತ್ತಿಲ್ಲ. ಇವ್ರೆಲ್ಲ ಯಾಕಪ್ಪ ಅಳ್ತಾವ್ರೆ?"

"ಇನ್ನು ಸ್ವಲ್ಪ ಅಳ್ಲಿ ಬಿಡಿ ಅಂಕಲ್," ಎಂದೆ.

ಹಿಂದಿನ ಗಲ್ಲಿಯಿಂದ ಅಜಾನ್ ಕೇಳಿಸಿತು. ನಾನು ಇನ್ನೊಬ್ಬರಿಗೆ ಹಂಚಿಕೊಳ್ಳಲು ಹೇಳಿದೆ. ಹೊರಗೆ ಪೂರ್ತಿ ಕತ್ತಲಾಗುವವರೆಗೆ ಅಲ್ಲೇ ಕೂರಿಸಿದೆ. ಗೆದ್ದೆನೆಂದುಕೊಂಡೆ. ಆ ಬೆಂಚಿನಲ್ಲಿ ಕೂತು ನನ್ನಷ್ಟು ಸಂತೋಷಪಟ್ಟವರು ಆ ಸಂಜೆ ಯಾರೂ ಇರಲಿಲ್ಲ.

ಹೊರಬಂದು ಎಣಿಸಿದಾಗ ಗೊತ್ತಾಯಿತು, ಕ್ಯಾಮೆರಾದವನು ಗುಂಪಿನಲ್ಲಿಲ್ಲ.

ಗಲ್ಲಿಗೆ ಹೋದಾಗ ಅವನು ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ಸಾಲು ಕರಗಿತ್ತು. ಚಾಚಾ ಗೇಟಿನ ಒಂದು ಬಾಗಿಲು ಎಳೆದುಕೊಂಡು ನಿಂತಿದ್ದರು, ನನ್ನ ಮುಖ ನೋಡಲಿಲ್ಲ.

"ಎಲ್ಲೋಗಿದ್ದೆ ಗುರು?" ಎಂದ ಕ್ಯಾಮೆರಾದವನು. "ಅವನು ಬೇಕಂತ ಲೇಟ್ ಮಾಡ್ತಾನೆ, ನೀನು ಮುಂಚೆ ಹೋಗಿಬಿಡು ಅಂತ ಮೇಡಂ ನಂಗೆ ಹೇಳಿದ್ರು. ಕರೆಕ್ಟಾಗೇ ಹೇಳಿದ್ರು ಬಿಡು. ನೋಡಿಲ್ಲಿ."

ಕ್ಯಾಮೆರಾದ ಹಿಂಬದಿಯ ಪುಟ್ಟ ಗಾಜಿನಲ್ಲಿ ಅಕ್ಕ ಇದ್ದಳು. ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಬಿಳಿ ಗಡ್ಡದ ಒಬ್ಬ ಅಜ್ಜ ಬಾಗಿ, ತುಟಿ ಚೂಪು ಮಾಡಿ ಊದುತ್ತಿದ್ದರು. ಅಕ್ಕ ಮುಖ ಮೇಲಕ್ಕೆತ್ತಿದ್ದಳು, ಹಣೆಯ ಕುಂಕುಮ ಸ್ಪಷ್ಟವಾಗಿತ್ತು, ಅರ್ಧ ಮುಖದ ಮೇಲೆ ಗೇಟಿನ ದೀಪದ ಬೆಳಕು. ಬಲು ಚಂದದ ಫೋಟೋ. ಅಷ್ಟು ಚಂದ ಇರದಿದ್ದರೆ ಅವನಿಗೆ ಅಳಿಸಲು ಹೇಳುವುದು ಸುಲಭವಾಗುತ್ತಿತ್ತು.

"ಡಿಲೀಟ್ ಮಾಡು ಮಗಾ," ಎಂದೆ.

"ತಲೆ ಕೆಟ್ಟಿದ್ಯಾ? ಅವಾರ್ಡ್ ಬರೋ ಫೋಟೋ ಇದು."

"ಆ ಅಕ್ಕ ಬೇಡ ಅಂದಿದ್ರು."

"ನನ್ ಹತ್ರ ಏನೂ ಹೇಳ್ಲಿಲ್ವಲ್ಲ. ನೋಡಿದ್ರು, ತಲೆ ಮೇಲೆ ಸೆರಗು ಎಳ್ಕೊಂಡ್ರು, ಹೋದ್ರು."

ನಾನು ಅಲ್ಲಿ ಇದ್ದಿದ್ದರೆ ಲೆನ್ಸಿನ ಮುಂದೆ ಲುಂಗಿ ಹಿಡಿದಾದರೂ ನಿಲ್ಲುತ್ತಿದ್ದೆ. ಆಕೆಯನ್ನು ಕಾಯಲೆಂದು ಹೂಡಿದ ಆಟದಲ್ಲಿ ಆಕೆಯ ಹತ್ತಿರ ಇರಬೇಕಾದ ಒಬ್ಬನೇ ಮನುಷ್ಯನನ್ನು, ಅಂದರೆ ನನ್ನನ್ನೇ, ಚರ್ಚಿನ ಬೆಂಚಿಗೆ ಕಟ್ಟಿಹಾಕಿದ್ದೆ.

ಚಾಚಾ ಅಂದು ಹೇಳಿದ್ದು ಒಂದೇ ಮಾತು. "ಇನ್ಮೇಲೆ ನಿಮ್ಮವ್ರು ಬರೋದ್ ಬೇಡ ಬೇಟಾ." ಮುಂದಿನ ವಾರ ನಾನೊಬ್ಬನೇ ಹೋದಾಗ ಗೇಟಿನ ಒಳಗೆ ಹಗ್ಗ ಕಟ್ಟಿ ಹಸಿರು ಪರದೆ ಇಳಿಬಿಟ್ಟಿದ್ದರು. ತಾಯಂದಿರು ಅದರ ಹಿಂದೆ ನಿಂತಿದ್ದರು. ಎಷ್ಟೋ ವರ್ಷ ರಸ್ತೆಗೆ ಮುಖ ಮಾಡಿ, ಯಾರ ಹಂಗೂ ಇಲ್ಲದೆ ನಡೆದಿದ್ದು ಈಗ ಕಳ್ಳತನದಂತೆ ಬಟ್ಟೆಯ ಹಿಂದೆ ನಡೆಯುತ್ತಿತ್ತು. ಸೌಹಾರ್ದ ತೋರಿಸಲು ಹೋದ ನಮ್ಮ ಕಂಪನಿಯ ಸಾಧನೆ ಇದು.

ಫೋಟೋಗಾಗಿ ಮೇಡಂ ಜೊತೆ ಜಗಳವಾಡಿದೆ. ಕೆಲಸ ಬಿಡುತ್ತೇನೆ ಎಂದೆ. ಅವರು ಬಿಡು ಎಂದರು. ಬಿಡುವುದಿಲ್ಲ ಎಂದೆ. ಈ ಘೋರ ಯುದ್ಧದ ಕೊನೆಗೆ ಒಂದು ಒಪ್ಪಂದವಾಯಿತು. ಫೋಟೋ ನೆಟ್ಟಿಗೆ ಹೋಗುವುದಿಲ್ಲ, ರೀಲ್ ಆಗುವುದಿಲ್ಲ, ಯಾರ ಫೋನಿಗೂ ಬರುವುದಿಲ್ಲ. ಅಂದು ಬಂದಿದ್ದ ಕಂಪನಿಯವರ ಆಲ್ಬಮ್ಮಿಗೆ ಮಾತ್ರ. ನಾನು ಮತ್ತೆ ಗೆದ್ದೆ. ಗೆಲ್ಲುವುದು ನನಗೆ ಎಷ್ಟು ಅಪಾಯವೆಂದು ಆಗಲೂ ತಿಳಿಯಲಿಲ್ಲ.

ಅಕ್ಕ ಸಿಕ್ಕಿದ್ದು ನಮ್ಮ ಏರಿಯಾದ ತರಕಾರಿ ಗಾಡಿಯ ಹತ್ತಿರ. ಆಚೀಚೆ ನೋಡಿ ಕೇಳಿದಳು.

"ಫೋನಿಗಿ ಬರ್ತದೇನು ತಮ್ಮಾ ಅದು?"

"ಬರಂಗಿಲ್ರಿ ಅಕ್ಕಾ. ನಾ ಮಾತಾಡೀನಿ. ಯಾರ ಫೋನಿಗೂ ಬರಂಗಿಲ್ಲ."

"ಬರದಿದ್ರ ಸಾಕಪ್ಪ," ಎಂದು ಸೊಪ್ಪಿನ ಕಟ್ಟು ಎತ್ತಿಕೊಂಡಳು. ಆದರೂ ಗೇಟಿಗೆ ಹೋಗುವುದನ್ನು ಬಿಟ್ಟಿದ್ದಳು.

ಸ್ವಲ್ಪ ದಿನಗಳಾದ ಮೇಲೆ ಆ ಕಂಪನಿಯ ಎಚ್.ಆರ್. ಮ್ಯಾನೇಜರ್ ನನಗೆ ಫೋನ್ ಮಾಡಿದರು. ನಮ್ಮವರೆಲ್ಲ ಚರ್ಚಿನಲ್ಲಿ ನಿಮ್ಮ ಸೆಷನ್ನಿಂದ ತುಂಬಾ ಹೀಲ್ ಆಗಿದ್ದಾರೆ, ಬನ್ನಿ, ಒಂದು ನೆನಪಿನ ಕಾಣಿಕೆ ಕೊಡುತ್ತೇವೆ ಎಂದರು. ವಿಳಾಸ ಗರುಡಾಚಾರ್‌ಪಾಳ್ಯ. ಅಲ್ಲಿ ಗಾಜಿನ ಕಟ್ಟಡಗಳಿಗೇನು ಕೊರತೆ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ರಿಸೆಪ್ಷನ್ನಿನ ಸೋಫಾದ ಹಿಂದಿನ ಗೋಡೆಯಲ್ಲಿ ಆ ಫೋಟೋ ಇತ್ತು. ಗಾಜು ಹಾಕಿಸಿ, ಮೇಲೊಂದು ದೀಪ ಕೂರಿಸಿದ್ದರು. ಅಕ್ಕನ ಮುಖ ನಿಜವಾದ ಮುಖದಷ್ಟೇ ದೊಡ್ಡದಾಗಿತ್ತು. ಅದರ ಮುಂದೆ ನೀಲಿ ಯೂನಿಫಾರ್ಮಿನ ಒಬ್ಬ ಹೆಂಗಸು ಸ್ಪ್ರೇ ಬಾಟಲಿ ಹಿಡಿದು ಗಾಜು ಒರೆಸುತ್ತಿದ್ದಳು. ಬೆನ್ನು ನೋಡಿಯೇ ಗುರುತು ಹಿಡಿದೆ.

ಎಚ್.ಆರ್. ಬಂದು ನನ್ನ ಕೈ ಕುಲುಕಿದರು. ಆಕೆಯ ಪಕ್ಕದಲ್ಲೇ ನಿಂತು ಫೋಟೋ ತೋರಿಸಿದರು.

"ಆ ತಾಯಿ ಮುಖ ನೋಡಿ ಸರ್. ಏನು ನಂಬಿಕೆ. ಬಂದೋರೆಲ್ಲ ಇದನ್ನೇ ಕೇಳ್ತಾರೆ. ಇಂಥ ಮುಖ ಎಲ್ಲಿ ಸಿಗುತ್ತೆ ಹೇಳಿ."

ನಾನು ಬಾಯಿ ತೆರೆದೆ. ಗಾಜಿನ ಮೇಲಿದ್ದ ಆಕೆಯ ಕೈ ನಿಂತಿತು. ಹಿಂತಿರುಗದೆಯೇ ತಲೆಯನ್ನು ಸ್ವಲ್ಪ ಅಲ್ಲಾಡಿಸಿದಳು. ಫೋಟೋವನ್ನು ಗೋಡೆಯಿಂದ ಇಳಿಸಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅದು ಯಾರೆಂದು ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಬೇವಿನ ಎಲೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು, "ಹೌದು ಸರ್, ಲೈಟಿಂಗ್ ಚೆನ್ನಾಗಿದೆ," ಎಂದೆ.

ಅವರು ಕಾಣಿಕೆ ತರಲು ಒಳಗೆ ಹೋದರು.

"ಫೋನಿಗಿ ಬರಂಗಿಲ್ಲ ಅಂದಿದ್ದಿ," ಎಂದಳು ಅಕ್ಕ, ಗಾಜು ಒರೆಸುತ್ತಲೇ. "ಖರೇನ ಹೇಳೀದಿ. ಫೋನಿಗಿ ಬರ್ಲಿಲ್ಲ."

"ಅಕ್ಕಾ, ನಿಮ್ಮ ಭಾವ..."

"ಬೇಸ್ಮೆಂಟಿನಾಗ ಗಾಡಿ ನಿಂದ್ರಸ್ತಾನ. ಮ್ಯಾಲ ಬರಂಗಿಲ್ಲ. ದೀಪಾವಳಿಗಿ ಸ್ವೀಟ್ ಬಾಕ್ಸ್ ಕೊಡಾಕ ಎಲ್ಲಾರ್ನೂ ಇಲ್ಲೇ ಕರೀತಾರ."

ದೀಪಾವಳಿ ದೂರವಿರಲಿಲ್ಲ.

"ಕೂಸು ಹ್ಯಾಂಗೈತ್ರಿ?"

"ರಾತ್ರಿ ಏಳ್ತದ," ಎಂದಳು.

ಎಚ್.ಆರ್. ಒಂದು ಗಾಜಿನ ಫಲಕ ಹಿಡಿದು ಬಂದರು. ಗುಡಿ, ಚರ್ಚು, ಮಸೀದಿ ಮೂರನ್ನೂ ಅದರಲ್ಲಿ ಕೊರೆಸಿದ್ದರು. ಈ ಫೋಟೋ ಮುಂದೆಯೇ ನಿಂತು ಕೊಡುತ್ತೇನೆ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ತೆಗೆಯಲು ಬೇರೆ ಯಾರೂ ಇರಲಿಲ್ಲ. ತಮ್ಮ ಫೋನನ್ನು ಅಕ್ಕನ ಕಡೆ ಚಾಚಿದರು.

"ಅಮ್ಮಾ, ಒಂದು ಫೋಟೋ ತೆಗೀರಿ. ಈ ಬಟನ್ ಒತ್ತಿದ್ರೆ ಆಯ್ತು."

ಆಕೆ ಕೈಯನ್ನು ಯೂನಿಫಾರ್ಮಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಹಿಂದಕ್ಕೆ ಸರಿದು, ಪರದೆಯನ್ನು ಬಹಳ ಹೊತ್ತು ನೋಡಿದಳು. ಮೊದಲ ಸಲ ನೇರವಾಗಿ ನಮ್ಮ ಕಡೆ ಮುಖ ಮಾಡಿದ್ದಳು. ಅದೇ ಮುಖ ನಮ್ಮ ಹಿಂದೆಯೂ ಇತ್ತು. ಎಚ್.ಆರ್. ನಗುತ್ತಲೇ ಇದ್ದರು.

"ಸರ್, ನೀವು ಆ ಕಡಿ ಸ್ವಲ್ಪ ಸರೀರಿ," ಎಂದಳು. ಆಮೇಲೆ ನನಗೆ, "ತಮ್ಮಾ, ನೀ ಎಡಕ್ಕ. ಇನ್ನೂ ಎಡಕ್ಕ. ಸ್ವಲ್ಪ ಮ್ಯಾಲೇಳು."

ನಾನು ತುದಿಗಾಲ ಮೇಲೆ ನಿಂತೆ.

ಕ್ಲಿಕ್ ಆಯಿತು. ಎಚ್.ಆರ್. ಫೋನ್ ಇಸಿದುಕೊಂಡು ನೋಡಿ ಗೊಣಗಿದರು. "ಅಯ್ಯೋ, ನಿಮ್ಮ ತಲೆ ಸರಿಯಾಗಿ ತಾಯಿ ಮುಖಕ್ಕೇ ಅಡ್ಡ ಬಂದಿದೆ. ಅಮ್ಮಾ, ಇನ್ನೊಂದು ತೆಗೀರಿ."

"ಮ್ಯಾಲಿನ ಫ್ಲೋರ್ ಐತ್ರಿ ಸರ್," ಎಂದು ಆಕೆ ಬಕೆಟ್ ಎತ್ತಿಕೊಂಡು ಲಿಫ್ಟಿನ ಕಡೆ ಹೋದಳು.

ನಾನಿನ್ನೂ ಹಿಮ್ಮಡಿ ಇಳಿಸಿರಲಿಲ್ಲ.